ಅಂಡಮಾನಿನಲ್ಲಿ ನೋಡುವುದು, ನೋಡದಿರುವುದು



ಪ್ರವಾಸ ಮುಗಿಸಿ ಬಂದವರನ್ನು ನಾವೆಲ್ಲ ಕೇಳುವುದು, 'ಏನೇನು ನೋಡಿದಿರಿ?' ಎಂದು. 'ಹೇಗೆ ನೋಡಿದಿರಿ?' ಎಂದು ಯಾರೂ ಕೇಳುವುದಿಲ್ಲ. ಕ್ಯಾಮೆರಾದ ಜೊತೆಯಲ್ಲೇ ಬಹಳ ವರ್ಷ ಕೆಲಸ ಮಾಡಿದ ನನಗೂ ಈ ಪ್ರಶ್ನೆ ಎದುರಾದದ್ದು, ಪಿ.ಯು.ಸಿ. ಓದುತ್ತಿದ್ದ ಮಗಳೊಡನೆ ರಜೆಗೆಂದು ಅಂಡಮಾನಿಗೆ ಹೋದಾಗ.

ಮೊದಲು ಸ್ವಲ್ಪ ಭೂಗೋಳ. ಮ್ಯಾನ್ಮಾರಿನ ಅರಕಾನ್ ಪರ್ವತಶ್ರೇಣಿ ದಕ್ಷಿಣಕ್ಕೆ ಸಮುದ್ರದೊಳಗೆ ಇಳಿದು ಮುಂದುವರಿಯುತ್ತದೆ. ಅದರ ನೀರಿನ ಮೇಲಿನ ಶಿಖರಗಳೇ ಈ ದ್ವೀಪಗಳು. ಇವುಗಳ ಪಶ್ಚಿಮದಲ್ಲಿ ಭಾರತದ ಭೂಫಲಕವು ಬರ್ಮಾ ಫಲಕದ ಅಡಿಗೆ ಜಾರುತ್ತಿದೆ. ನಮ್ಮ ದೇಶದ ಏಕೈಕ ಜೀವಂತ ಜ್ವಾಲಾಮುಖಿ ಇಲ್ಲಿನ ಬ್ಯಾರನ್ ದ್ವೀಪದಲ್ಲಿರುವುದೂ, 2004ರ ಡಿಸೆಂಬರ್ 26ರ ಭೂಕಂಪ ಮತ್ತು ಸುನಾಮಿಗೂ ಇದೇ ಕಾರಣ.

ಪೋರ್ಟ್ ಬ್ಲೇರಿಗೆ 2024ರಲ್ಲಿ ಶ್ರೀ ವಿಜಯಪುರಂ ಎಂದು ಹೆಸರಾಯಿತು. ಅಲ್ಲಿ ಎಲ್ಲರೂ ಮೊದಲು ಹೋಗುವುದು ಸೆಲ್ಯುಲರ್ ಜೈಲಿಗೆ. 1896ರಲ್ಲಿ ಆರಂಭವಾದ ಇದರ ಕಟ್ಟಡ ಕೆಲಸ ಮುಗಿದದ್ದು 1906ರಲ್ಲಿ. ನಡುವೆ ಒಂದು ಗೋಪುರ. ಅದರಿಂದ ಸೈಕಲ್ ಚಕ್ರದ ಕಡ್ಡಿಗಳಂತೆ ಹೊರಟ, ಮೂರು ಅಂತಸ್ತಿನ ಏಳು ಸಾಲು ಕಟ್ಟಡಗಳು. ಇಂದು ಉಳಿದಿರುವುದು ಮೂರು ಮಾತ್ರ. ಕೋಣೆಗಳು ಸುಮಾರು 700 ಇದ್ದವು. ಪ್ರತಿಯೊಂದರಲ್ಲೂ ಒಬ್ಬನೇ ಕೈದಿ. ಬೆಳಕಿಗೆ ಮೇಲೆ ಒಂದು ಸಣ್ಣ ಕಿಂಡಿ. ಒಂದು ಸಾಲಿನ ಬಾಗಿಲುಗಳು ಮುಂದಿನ ಸಾಲಿನ ಬೆನ್ನಿಗೆ ಮುಖ ಮಾಡಿವೆ. ಹೀಗಾಗಿ ಕೈದಿಗಳು ಒಬ್ಬರ ಮುಖವನ್ನೊಬ್ಬರು ನೋಡುವಂತಿರಲಿಲ್ಲ. ಗೋಪುರದ ಪಹರೆಯವನು ಮಾತ್ರ ಎಲ್ಲ ಸಾಲುಗಳ ಮೇಲೂ ಕಣ್ಣಿಡಬಹುದಾಗಿತ್ತು. ಗೋಡೆಗಿಂತಲೂ ಕ್ರೂರವಾದದ್ದು ಈ ಏರ್ಪಾಡು ಎಂದು ನನಗನ್ನಿಸಿತು. ಇಷ್ಟಾದರೂ 1933ರಲ್ಲಿ ಇಲ್ಲಿನ ರಾಜಕೀಯ ಕೈದಿಗಳು ಒಂದಾಗಿ ಉಪವಾಸ ಹೂಡಿದರು. ಮಹಾವೀರ್ ಸಿಂಗ್ ಸೇರಿದಂತೆ ಮೂವರು ಪ್ರಾಣ ತೆತ್ತರು. 1979ರಿಂದ ಇದು ರಾಷ್ಟ್ರೀಯ ಸ್ಮಾರಕ.

ಜೈಲಿನ ಮೇಲಿಂದ ಕಾಣುವ ಪುಟ್ಟ ದ್ವೀಪವೇ ರಾಸ್. 2018ರಿಂದ ಅದರ ಹೆಸರು ನೇತಾಜಿ ಸುಭಾಷ್ ಚಂದ್ರ ಬೋಸ್ ದ್ವೀಪ. ಆಳುವವರ ಬಂಗಲೆ, ಚರ್ಚು, ಬೇಕರಿ ಎಲ್ಲ ಇದ್ದದ್ದು ಅಲ್ಲಿ. 1941ರ ಭೂಕಂಪ, ಮರುವರ್ಷ ಬಂದ ಜಪಾನೀಯರು - ಆ ವೈಭವ ಮುಗಿಯಿತು. ಇಂದು ಆ ಗೋಡೆಗಳನ್ನು ಆಲದ ಜಾತಿಯ ಮರಗಳ ಬೇರುಗಳು ಅಪ್ಪಿ ಹಿಡಿದಿವೆ.

ಮೂರನೆಯ ದಿನ ಬಾರಾಟಾಂಗ್ ದ್ವೀಪದ ಸುಣ್ಣಕಲ್ಲಿನ ಗುಹೆಗೆ ಹೊರಟೆವು. ಕಾಂಡ್ಲಾ ಗಿಡಗಳ ನಡುವಿನ ಕಾಲುವೆಯಲ್ಲಿ ದೋಣಿ ಪಯಣ, ಆಮೇಲೆ ನಡಿಗೆ. ಮಳೆನೀರು ಗಾಳಿಯಿಂದಲೂ ಮಣ್ಣಿನಿಂದಲೂ ಇಂಗಾಲದ ಡೈಆಕ್ಸೈಡ್ ಹೀರಿ ದುರ್ಬಲ ಆಮ್ಲವಾಗುತ್ತದೆ, ಸುಣ್ಣಕಲ್ಲನ್ನು ಕರಗಿಸುತ್ತದೆ. ಗುಹೆಯ ಚಾವಣಿಯಿಂದ ತೊಟ್ಟಿಕ್ಕುವಾಗ ಆ ಅನಿಲ ಬಿಟ್ಟುಹೋಗಿ ಸುಣ್ಣ ಮತ್ತೆ ಗಟ್ಟಿಯಾಗುತ್ತದೆ. ಹೀಗೆ ಹನಿ ಹನಿಯಾಗಿ, ಸಾವಿರಾರು ವರ್ಷಗಳಲ್ಲಿ ಕಲ್ಲಿನ ತೂಗುಗಂಬಗಳು ಬೆಳೆಯುತ್ತವೆ. ನಾನು ಒಂದನ್ನು ಮುಟ್ಟಲು ಕೈ ಚಾಚಿದೆ. 'ಮುಟ್ಟಬೇಡಿ, ಕಪ್ಪಾಗುತ್ತದೆ' ಎಂದ ದಾರಿ ತೋರಿಸುವ ಹುಡುಗ. ವಿಜ್ಞಾನದ ಪದವೀಧರನಾದ ನನಗೆ ನಾಚಿಕೆಯಾಯಿತು. ಕೈಯ ಜಿಡ್ಡು ಅಂಟಿದ ಕಡೆ ಸುಣ್ಣ ಕೂರುವುದಿಲ್ಲ, ಬೆಳವಣಿಗೆ ನಿಲ್ಲುತ್ತದೆ.

ಆದರೆ ನಾನು ಹೇಳಬೇಕಾದದ್ದು ಗುಹೆಯ ವಿಷಯವಲ್ಲ, ದಾರಿಯ ವಿಷಯ. ಬಾರಾಟಾಂಗಿಗೆ ಹೋಗುವ ರಸ್ತೆ ಜಾರವಾ ಬುಡಕಟ್ಟಿನ ಮೀಸಲು ಅರಣ್ಯವನ್ನು ಹಾದುಹೋಗುತ್ತದೆ. ಜಿರ್ಕಾಟಾಂಗ್ ತಪಾಸಣೆ ಕಟ್ಟೆಯಿಂದ ವಾಹನಗಳು ಪೊಲೀಸ್ ಕಾವಲಿನಲ್ಲಿ ಸಾಲಾಗಿ ಹೊರಡಬೇಕು. ನಿಲ್ಲಿಸುವಂತಿಲ್ಲ, ಚಿತ್ರ ತೆಗೆಯುವಂತಿಲ್ಲ, ತಿಂಡಿ ಕೊಡುವಂತಿಲ್ಲ. ಜಾರವಾ ಜನ ಕೆಲವೇ ನೂರು ಮಂದಿ. ನಮಗೆ ಮಾಮೂಲಾದ ದಡಾರ ಅವರಿಗೆ ಮಾರಕವಾಗಬಲ್ಲದು. ಆ ರೋಗಗಳಿಗೆ ಅವರ ದೇಹ ಒಗ್ಗಿಕೊಂಡಿಲ್ಲ.

ಕ್ಯಾಮೆರಾ ಚೀಲದಲ್ಲಿತ್ತು. ರಸ್ತೆಯಂಚಿನಲ್ಲಿ ಒಬ್ಬಾಕೆ ಮಗುವಿನೊಡನೆ ನಿಂತಿದ್ದಳು. ನಮ್ಮ ಬಸ್ಸಿನವರೆಲ್ಲ ಎದ್ದು ಆ ಬದಿಯ ಕಿಟಕಿಗಳಿಗೆ ಮುಗಿಬಿದ್ದರು. ನಾನೂ ಎದ್ದೆ. ಮಗಳು ಮಾತ್ರ ಕೂತೇ ಇದ್ದಳು. 'ಅಪ್ಪಾ, ಅವರನ್ನ ಕೇಳಿ ಬಂದಿದ್ದೀವಾ ನಾವು?' ಎಂದಳು. ಉತ್ತರವಿಲ್ಲದೆ ಕುಳಿತೆ. ಜೈಲಿನ ಗೋಪುರ ನೆನಪಾಯಿತು. ಅಲ್ಲಿಯೂ ನೋಡುವವನಿಗೆ ಮಾತ್ರ ಅಧಿಕಾರ. ನೋಡಿಸಿಕೊಳ್ಳುವವರಿಗೆ ಬೇಡವೆನ್ನುವ ಹಕ್ಕಿಲ್ಲ.

ನಾನು ಕಾನೂನು ಮೀರಲಿಲ್ಲ ನಿಜ. ಆದರೂ ಮತ್ತೊಮ್ಮೆ ಅಂಡಮಾನಿಗೆ ಹೋದರೆ ಆ ದಾರಿ ಹಿಡಿಯುವುದಿಲ್ಲ. ಸುಣ್ಣಕಲ್ಲಿನ ಗುಹೆಯನ್ನೇ ನೋಡಬೇಕೆಂದರೆ ಆಂಧ್ರದ ಬೊರ್ರಾ ಗುಹೆಗಳಿವೆ. ರಸಾಯನಶಾಸ್ತ್ರ ಎರಡು ಕಡೆಯೂ ಒಂದೇ.

ಮಿತ್ರರೇ, ನೀವು ಪ್ರವಾಸ ಹೋಗಿ, ಅವಶ್ಯ ಹೋಗಿ. ಕಲ್ಲನ್ನು ಕಂಡರೆ ಅದು ಹೇಗಾಯಿತೆಂದು ಕೇಳಿ. ಕಟ್ಟಡವನ್ನು ಕಂಡರೆ ಅದನ್ನು ಯಾರು, ಏತಕ್ಕಾಗಿ ಕಟ್ಟಿದರೆಂದು ಕೇಳಿ. ಮನುಷ್ಯರು ಎದುರಾದಾಗ ಮಾತ್ರ, ನೋಡಲು ಅವರ ಒಪ್ಪಿಗೆ ಇದೆಯೇ ಎಂದು ಮೊದಲು ನಿಮ್ಮನ್ನೇ ಕೇಳಿಕೊಳ್ಳಿ.