ಒಂದು ಅಂಕದ ಲೆಕ್ಕ

ಆಟದ ವಿಷಯವಾಗಿ ಮಾತನಾಡಲು ನನಗೆ ಹೆಚ್ಚಿನ ಅಧಿಕಾರವಿಲ್ಲ. ಮೂವತ್ತು ವರ್ಷಗಳಿಂದ ಹೈಸ್ಕೂಲಿನ ಮಕ್ಕಳಿಗೆ ವ್ಯಾಕರಣ ಛಂದಸ್ಸುಗಳನ್ನು ಹೇಳಿಕೊಡುತ್ತ ಬಂದವನು ನಾನು. ಲಘು ಗುರುಗಳ ಲೆಕ್ಕ ಬಲ್ಲೆ. ಚೆಂಡಿನ ಲೆಕ್ಕ ಬಲ್ಲವನಲ್ಲ. ಆದರೂ ಕಳೆದ ಹಂಗಾಮಿನಲ್ಲಿ ವಿಜಾಪುರದ ಒಂದು ಕಾಲೇಜಿನ ಬ್ಯಾಸ್ಕೆಟ್‌ಬಾಲ್ ತಂಡದ ಸೋಲುಗಳನ್ನು ಹತ್ತಿರದಿಂದ ನೋಡುವ ಪ್ರಸಂಗ ನನಗೆ ಒದಗಿತು. ಅಲ್ಲಿ ಕಂಡ ಒಂದು ಸಂಗತಿ ಆಟದ ಅಂಗಳವನ್ನು ದಾಟಿ ನಮ್ಮ ನಿಮ್ಮ ಮನೆಯ ಪಡಸಾಲೆಯವರೆಗೂ ಬರುವಂಥದು. ಅದನ್ನೇ ನಿಮ್ಮ ಮುಂದೆ ಇಡುತ್ತೇನೆ.

ವಿಜಾಪುರವೆಂಬುದು ಬಾಯಿರೂಢಿ. 2014ನೆಯ ಇಸವಿಯ ರಾಜ್ಯೋತ್ಸವದಂದು ನಮ್ಮ ಊರಿನ ಹೆಸರು ಅಧಿಕೃತವಾಗಿ ವಿಜಯಪುರವಾಯಿತು. ವಿಜಯವನ್ನು ಹೆಸರಿನಲ್ಲೇ ಹೊತ್ತ ಊರಿನ ಹುಡುಗರು ಪಂದ್ಯದ ಮೇಲೆ ಪಂದ್ಯ ಸೋಲುತ್ತಿದ್ದರೆಂದರೆ ನೋಡುವವರಿಗೆ ಅದೊಂದು ವಿನೋದ. ಸೋತ ರೀತಿ ಮಾತ್ರ ವಿನೋದದ್ದಾಗಿರಲಿಲ್ಲ. ಒಮ್ಮೆ ಎರಡು ಅಂಕ, ಒಮ್ಮೆ ಮೂರು ಅಂಕ, ಮತ್ತೊಮ್ಮೆ ಎರಡು. ಹತ್ತಾರು ಅಂಕಗಳಿಂದ ಸೋತವನು ಊಟ ಮಾಡಿ ಮಲಗುತ್ತಾನೆ. ಕೂದಲೆಳೆಯಲ್ಲಿ ಸೋತವನಿಗೆ ರಾತ್ರಿ ನಿದ್ರೆ ಹತ್ತುವುದಿಲ್ಲ.

ಆ ತಂಡದಲ್ಲಿ ನನ್ನ ಹಳೆಯ ವಿದ್ಯಾರ್ಥಿಗಳು ಇಬ್ಬರಿದ್ದರು. ಒಬ್ಬ ಟಿಕೋಟಾದವನು, ಮನೆಯಲ್ಲಿ ದ್ರಾಕ್ಷಿಯ ಪಡವು, ಒಣದ್ರಾಕ್ಷಿ ಮಾಡುವ ಶೆಡ್ಡು. ಇನ್ನೊಬ್ಬ ಬಬಲೇಶ್ವರದವನು. ಇಬ್ಬರೂ ಮುಂಜಾನೆಯ ಬಸ್ಸು ಹಿಡಿದು ಕಾಲೇಜಿಗೆ ಬರುವವರು. ‘ಕಡೇ ಮ್ಯಾಚಿಗೆ ನೀವು ಬರಾಕ ಬೇಕ್ರಿ ಸರ’ ಎಂದು ಇಬ್ಬರೂ ಒತ್ತಾಯ ಮಾಡಿದ್ದರಿಂದ ಹೋಗಿ ಕುಳಿತೆ.

ಪಂದ್ಯ ಮುಗಿಯಲು ಕೆಲವೇ ಸೆಕೆಂಡುಗಳು ಉಳಿದಿದ್ದವು. ನಮ್ಮವರು ಎರಡು ಅಂಕ ಹಿಂದೆ. ಎದುರಾಳಿಯ ತಪ್ಪಿಗಾಗಿ ಟಿಕೋಟಾದ ಹುಡುಗನಿಗೆ ಎರಡು ಫ್ರೀ ಥ್ರೋ ದೊರೆತವು. ಒಂದೊಂದಕ್ಕೆ ಒಂದೊಂದು ಅಂಕ. ಮೊದಲನೆಯದು ಬಿತ್ತು. ಎರಡನೆಯದು ಬಳೆಯ ಮೇಲೆ ಕುಣಿದು, ಒಳಗೆ ಇಣುಕಿ ನೋಡಿ, ಹೊರಗೆ ಬಿದ್ದಿತು. ಚೆಂಡು ಎದುರಾಳಿಯ ಕೈಸೇರಿತು, ಸೀಟಿ ಊದಿತು. ಸೋಲು ಒಂದು ಅಂಕದಿಂದ.

ಈ ಆಟವನ್ನು ನೋಡದವರಿಗಾಗಿ ಎರಡು ಮಾತು. ಬುಟ್ಟಿಯ ಬಳೆ ನೆಲದಿಂದ 10 ಅಡಿ ಎತ್ತರದಲ್ಲಿರುತ್ತದೆ. ಫ್ರೀ ಥ್ರೋ ಎಸೆಯುವ ಗೆರೆ ಹಲಗೆಯಿಂದ ಸುಮಾರು 15 ಅಡಿ ದೂರ. ಆ ಹೊತ್ತಿನಲ್ಲಿ ಗಡಿಯಾರ ನಿಂತಿರುತ್ತದೆ. ಯಾರೂ ಅಡ್ಡ ಬರುವಂತಿಲ್ಲ. ನೋಡುವವರಿಗೆ ಇದಕ್ಕಿಂತ ಸುಲಭವಾದದ್ದು ಬೇರೆ ಇಲ್ಲವೆನಿಸುತ್ತದೆ. ಎಸೆಯುವವನಿಗೋ ಸಂತೆಯ ನಡುವೆ ಒಬ್ಬಂಟಿಯಾಗಿ ನಿಂತಂತೆ. ಅಮೆರಿಕದ ಕಾಲೇಜು ತಂಡಗಳಲ್ಲಿ ದಶಕಗಳಿಂದ ಇಂಥ ಎಸೆತಗಳು ನೂರಕ್ಕೆ ಹೆಚ್ಚುಕಡಿಮೆ 70ರಷ್ಟೇ ಬೀಳುತ್ತ ಬಂದಿವೆ. ನೂರಕ್ಕೆ 70 ಹಾಕುವವನಿಗೆ ಎರಡೂ ಒಟ್ಟಿಗೆ ಬೀಳುವ ಸಂಭವವೆಷ್ಟು? ಗುಣಿಸಿ ನೋಡಿರಿ: ನೂರಕ್ಕೆ 49. ಅರ್ಧಕ್ಕೂ ಒಂದು ಕಡಿಮೆ! ಸುಲಭವೆಂದು ಕಂಡದ್ದು ಅಷ್ಟು ಸುಲಭವಾಗಿರಲಿಲ್ಲ.

ಒಂದು ಅಂಕದ ಸೋಲು ಈ ಆಟದೊಡನೆಯೇ ಹುಟ್ಟಿದ್ದೆಂದರೂ ಸಲ್ಲುತ್ತದೆ. 1891ರ ಡಿಸೆಂಬರಿನಲ್ಲಿ ಅಮೆರಿಕದ ಸ್ಪ್ರಿಂಗ್‌ಫೀಲ್ಡ್ ಎಂಬ ಊರಿನಲ್ಲಿ ಜೇಮ್ಸ್ ನೈಸ್ಮಿತ್ ಎಂಬ ವ್ಯಾಯಾಮ ಶಿಕ್ಷಕರು, ಚಳಿಗಾಲದಲ್ಲಿ ಹುಡುಗರನ್ನು ಒಳಾಂಗಣದಲ್ಲಿ ಆಡಿಸಲೆಂದು ಇದನ್ನು ಕಲ್ಪಿಸಿದರು. ಹಣ್ಣಿನ ಎರಡು ಬುಟ್ಟಿಗಳನ್ನು ಮೊಗಸಾಲೆಯ ಕಟಾಂಜನಕ್ಕೆ ಮೊಳೆ ಹೊಡೆದು ಕಟ್ಟಿಸಿದರು. ಆ ಕಟಾಂಜನ 10 ಅಡಿ ಎತ್ತರದಲ್ಲಿತ್ತು. ಇಂದಿಗೂ ಅದೇ ಎತ್ತರ. ಕಡೆಗೆ ಒಂಬತ್ತು ಜನರಂತೆ ಹದಿನೆಂಟು ಮಂದಿ ಆಡಿದ ಆ ಮೊದಲ ಆಟದಲ್ಲಿ ಚೆಂಡು ಬುಟ್ಟಿಗೆ ಬಿದ್ದದ್ದು ಒಂದೇ ಸಲ. ಗೆದ್ದವರಿಗೆ ಒಂದು, ಸೋತವರಿಗೆ ಸೊನ್ನೆ.

ನಮ್ಮ ಹುಡುಗನ ಕಡೆಗೆ ಬರೋಣ. ನಾಲ್ಕು ದಿನ ಬಿಟ್ಟು ಅವನು ನಮ್ಮ ಮನೆಗೆ ಬಂದ. ಮೋರೆ ಬಾಡಿತ್ತು. ‘ಸರ, ನಾ ಇನ್ನ ಆಡಾಕ ಹೋಗೂದಿಲ್ರಿ’ ಎಂದ. ಯಾಕಪ್ಪಾ ಎಂದೆ. ಗೆಳೆಯರು ಮಾತು ಬಿಟ್ಟಿರಲಿಲ್ಲವಂತೆ. ತರಬೇತಿ ಕೊಡುವವರು ಬೈದಿರಲಿಲ್ಲವಂತೆ. ಮನೆಗೆ ಹೋದಾಗ ತಂದೆ, ಶೆಡ್ಡಿನಲ್ಲಿ ಕೆಲಸ ಮಾಡುತ್ತ ತಲೆ ಎತ್ತದೆ, ‘ಒಂದ ಒಂದು ಹಾಕಾಕ ಬರಲಿಲ್ಲೇನ?’ ಎಂದಿದ್ದರಂತೆ. ಅಷ್ಟೇ ಮಾತು. ಆ ತಂದೆ ಕೆಟ್ಟವರಲ್ಲ. ಮಗನ ಬಸ್ಸಿನ ಪಾಸಿಗೆ, ಬೂಟಿಗೆ ದುಡ್ಡು ಹೊಂದಿಸಿದವರು ಅವರೇ. ಆದರೆ ಬಾಯಿಂದ ಬಿದ್ದ ಮಾತು ಮುಳ್ಳಾಗಿ ನಟ್ಟಿತ್ತು.

ಏನು ಹೇಳಬೇಕೆಂದು ನನಗೂ ತಿಳಿಯಲಿಲ್ಲ. ‘ಸೋಲೇ ಗೆಲುವಿನ ಸೋಪಾನ’ ಎಂಬ ಗೋಡೆಬರಹ ಹೇಳಬಹುದಿತ್ತು. ಹದಿನೆಂಟು ವರ್ಷದವನು ಅದನ್ನು ಎಷ್ಟೋ ಸಲ ಓದಿರುತ್ತಾನೆ. ಅದಕ್ಕೇ ನನಗೆ ಬರುವ ಒಂದೇ ವಿದ್ಯೆಯನ್ನು ತೆಗೆದೆ. ಹಾಳೆ ಪೆನ್ಸಿಲು ಕೊಟ್ಟು, ಒಂದು ಕಂದಪದ್ಯ ಬರೆಸಿ, ‘ಪ್ರಸ್ತಾರ ಹಾಕು’ ಎಂದೆ. ಹುಡುಗ ಹಳೆಯ ರೂಢಿಯಲ್ಲಿ ಹಾಕುತ್ತ ಹೋದ. ಸಾಲಿನ ಕೊನೆಗೆ ಒಂದು ಮಾತ್ರೆ ಕಡಿಮೆ ಬಿತ್ತು. ‘ಕಡೇ ಗಣ ತಪ್ಪೈತ್ರಿ ಸರ’ ಎಂದ. ಮೂವತ್ತು ವರ್ಷಗಳಿಂದ ಎಲ್ಲ ಮಕ್ಕಳೂ ಹೀಗೆಯೇ ಹೇಳುತ್ತ ಬಂದಿದ್ದಾರೆ. ಕೊನೆಯ ಗಣದಲ್ಲಿ ಯಾವ ತಪ್ಪೂ ಇರಲಿಲ್ಲ. ಮೊದಲನೆಯ ಗಣದಲ್ಲಿ ಒತ್ತಕ್ಷರದ ಹಿಂದಿನ ಅಕ್ಷರವನ್ನು ಗುರುವೆಂದು ಎಣಿಸದೆ ಲಘುವೆಂದು ಬಿಟ್ಟಿದ್ದ. ಕಡಿಮೆಯಾದದ್ದು ಅಲ್ಲಿ, ಕಂಡದ್ದು ಇಲ್ಲಿ.

ಮರುದಿನ ಅವನನ್ನು ಕರೆದುಕೊಂಡು ಕಾಲೇಜಿನ ಕ್ರೀಡಾ ನಿರ್ದೇಶಕರಲ್ಲಿಗೆ ಹೋದೆ. ಅವರು ಪ್ರತಿ ಪಂದ್ಯದ ಎಸೆತಗಳನ್ನೂ ಒಂದು ನೋಟುಬುಕ್ಕಿನಲ್ಲಿ ಗುರುತು ಹಾಕಿಟ್ಟಿದ್ದರು. ಮಕ್ಕಳ ಅಂಕಪಟ್ಟಿ ಕೂಡಿಸುವಂತೆ ಕೂಡಿಸಿದೆವು. ಆ ದಿನ ನಮ್ಮ ತಂಡ ತಪ್ಪಿಸಿದ ಫ್ರೀ ಥ್ರೋ ಒಟ್ಟು ಒಂಬತ್ತು. ಅದರಲ್ಲಿ ಟಿಕೋಟಾದವನದು ಕೊನೆಯ ಒಂದು ಮಾತ್ರ. ಅದಕ್ಕೆ ಮೊದಲು ಎಸೆದ ಐದರಲ್ಲಿ ಐದೂ ಬಿದ್ದಿದ್ದವು. ಅವು ಬೀಳದಿದ್ದರೆ ಕೊನೆಯ ಗಳಿಗೆಯಲ್ಲಿ ಗೆಲುವಿನ ಆಸೆಯೇ ಇರುತ್ತಿರಲಿಲ್ಲ. ಇನ್ನೊಂದು ಗುರುತೂ ಕಣ್ಣಿಗೆ ಬಿತ್ತು. ಮೊದಲ ಹತ್ತು ನಿಮಿಷಗಳಲ್ಲಿ ಬಬಲೇಶ್ವರದ ಹುಡುಗ ಎದುರಿಗೆ ಯಾರೂ ಇಲ್ಲದಾಗ ಬುಟ್ಟಿಯ ಕೆಳಗಿನಿಂದಲೇ ಎಸೆದ ಚೆಂಡು ತಪ್ಪಿತ್ತು. ಅದಕ್ಕೆ ಎರಡು ಅಂಕ. ಕರೆದು ಕೇಳಿದರೆ ಅವನಿಗೆ ನೆನಪೇ ಇಲ್ಲ! ಅವನನ್ನು ಯಾರೂ ಬೈದಿರಲಿಲ್ಲ. ಅವನೂ ತನ್ನನ್ನು ಬೈದುಕೊಂಡಿರಲಿಲ್ಲ. ಪಾಪ, ನೋಟುಬುಕ್ಕು ನೋಡಿದ ಮೇಲೆ ನಾಚಿಕೊಂಡು, ‘ಇವನೊಬ್ಬನ ಮ್ಯಾಲ ಹೊರೆ ಹಾಕಿದಂಗಾತ್ರಿ ಸರ’ ಎಂದ.

ಇದೇ ನಾನು ಹೇಳಬೇಕೆಂದಿರುವ ಮಾತು. ಒಂದು ಅಂಕದ ಸೋಲು ನಲವತ್ತು ನಿಮಿಷಗಳ ಆಟದಲ್ಲೆಲ್ಲ ಹರಡಿಕೊಂಡಿರುತ್ತದೆ. ಲೋಕವಾದರೋ ಅದನ್ನು ಒಟ್ಟುಗೂಡಿಸಿ ಕೊನೆಯಲ್ಲಿ ನಿಂತವನ ತಲೆಯ ಮೇಲೆ ಇಡುತ್ತದೆ.

ನಮ್ಮ ಊರಿನ ಮಗಳೊಬ್ಬಳು ಈ ಹೊರೆಯನ್ನು ಜಗತ್ತಿನ ಕಣ್ಣೆದುರಿಗೆ ಹೊತ್ತದ್ದನ್ನು ನೀವು ಬಲ್ಲಿರಿ. 2017ರ ಜುಲೈ 23. ಲಂಡನ್ನಿನ ಲಾರ್ಡ್ಸ್ ಮೈದಾನದಲ್ಲಿ ಮಹಿಳೆಯರ ವಿಶ್ವಕಪ್ ಕ್ರಿಕೆಟಿನ ಅಂತಿಮ ಪಂದ್ಯ. ಇಂಗ್ಲೆಂಡ್ 228 ಓಟ ಮಾಡಿತ್ತು. ಭಾರತ ಮೂರು ವಿಕೆಟಿಗೆ 191. ಬೇಕಾದದ್ದು ಇನ್ನು 38, ಕೈಯಲ್ಲಿ ಏಳು ವಿಕೆಟು. ಅಲ್ಲಿಂದ 28 ಓಟಗಳೊಳಗೆ ಏಳೂ ವಿಕೆಟು ಬಿದ್ದವು. ಸೋಲು ಒಂಬತ್ತು ಓಟಗಳಿಂದ. ಕೊನೆಯದಾಗಿ ಬೌಲ್ಡ್ ಆದವರು ವಿಜಯಪುರದ ರಾಜೇಶ್ವರಿ ಗಾಯಕವಾಡ. ಇಂಗ್ಲೆಂಡಿನವರು ಕುಣಿದಾಡುವ ಚಿತ್ರದಲ್ಲಿ ಬಿದ್ದ ವಿಕೆಟು ಇವರದು.

ರಾಜೇಶ್ವರಿಯವರು ಬೌಲರ್, ಬ್ಯಾಟು ಅವರ ಆಯುಧವಲ್ಲ. ಅವರಿಗಿಂತ ಮೊದಲು ಬಿದ್ದ ಆರು ವಿಕೆಟುಗಳ ಲೆಕ್ಕವನ್ನು ಅವರಿಂದ ಕೇಳುವುದು ಯಾವ ನ್ಯಾಯ? ಅದಕ್ಕೆ ಎಂಟು ದಿನ ಮೊದಲು, ಜುಲೈ 15ರಂದು, ಡರ್ಬಿಯಲ್ಲಿ ನ್ಯೂಜಿಲೆಂಡಿನ ವಿರುದ್ಧ 15 ಓಟ ಕೊಟ್ಟು ಐದು ವಿಕೆಟು ಕಿತ್ತವರೂ ಅವರೇ. ಸೋತರೆ ಮನೆಗೆ ಎಂಬಂಥ ಪಂದ್ಯವದು. ಎದುರಾಳಿಗಳು 79ಕ್ಕೆ ಉರುಳಿದರು. ಭಾರತ ಸೆಮಿಫೈನಲ್ ಸೇರಿತು. ಡರ್ಬಿಯಿಲ್ಲದೆ ಲಾರ್ಡ್ಸ್ ಇಲ್ಲ. ಮೊದಲಿನ ಐದು ಎಸೆತಗಳಿಲ್ಲದೆ ಕೊನೆಯ ಎಸೆತವೂ ಇಲ್ಲ.

ಊರಿಗೆ ಬಂದಾಗ ಜನ ಅವರನ್ನು ಅಭಿಮಾನದಿಂದಲೇ ಬರಮಾಡಿಕೊಂಡರು. ಆಗ ಸಚಿವರೊಬ್ಬರು ಕಾರು ಕೊಡಮಾಡಿದರು. ರಾಜೇಶ್ವರಿಯವರು ಅದನ್ನು ಒಪ್ಪದೆ, ತಮ್ಮ ಕುಟುಂಬಕ್ಕೆ ಮೊದಲು ಬೇಕಾದದ್ದು ಇರಲು ಒಂದು ಮನೆ ಎಂದರು. ಕೂದಲೆಳೆಯಲ್ಲಿ ಸೋತು ಬಂದವರು ತಲೆ ತಗ್ಗಿಸಬೇಕಾಗಿಲ್ಲ. ತಮಗೆ ಏನು ಬೇಕೆಂಬುದನ್ನು ತಿಳಿದು ನುಡಿಯಬಹುದು ಎಂಬುದಕ್ಕೆ ನನಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಕಾಣದು.

ಹಾಗೆಂದು, ಕೂದಲೆಳೆಯ ಸೋಲನ್ನು ಗೆಲುವೆಂದು ಕರೆದು ಮಕ್ಕಳನ್ನು ಮರುಳು ಮಾಡುವುದೂ ತರವಲ್ಲ. 1982ರ ರಣಜಿ ಟ್ರೋಫಿಯ ಅಂತಿಮ ಪಂದ್ಯದಲ್ಲಿ ಕರ್ನಾಟಕ 705 ಓಟ ಮಾಡಿತು. ದೆಹಲಿ ಎಂಟು ವಿಕೆಟಿಗೆ 707 ಮಾಡಿ, ಮೊದಲ ಇನ್ನಿಂಗ್ಸಿನ ಮುನ್ನಡೆಯ ಬಲದಿಂದ ಕಪ್ಪನ್ನು ಒಯ್ದಿತು. ಏಳು ನೂರು ದಾಟಿಯೂ ಸೋಲು ಸೋಲೇ. ಆದರೆ ಮರುವರ್ಷವೇ ಕರ್ನಾಟಕ ಮುಂಬಯಿಯನ್ನು ಹಿಂದಿಕ್ಕಿ ಅದೇ ಕಪ್ಪನ್ನು ತಂದಿತು. 2025ರ ವಿಶ್ವಕಪ್ಪಿನಲ್ಲಿ ನಮ್ಮ ಮಹಿಳೆಯರು ಒಂದರ ಹಿಂದೆ ಒಂದು ಮೂರು ಪಂದ್ಯ ಸೋತರು: ದಕ್ಷಿಣ ಆಫ್ರಿಕಕ್ಕೆ ಮೂರು ವಿಕೆಟುಗಳಿಂದ, ಆಸ್ಟ್ರೇಲಿಯಕ್ಕೆ ಮೂರು ವಿಕೆಟುಗಳಿಂದ, ಇಂಗ್ಲೆಂಡಿಗೆ ನಾಲ್ಕೇ ಓಟಗಳಿಂದ. ಆ ಮೂರನೆಯ ಪಂದ್ಯಕ್ಕೆ ಕೈಬಿಟ್ಟಿದ್ದ ಜೆಮಿಮಾ ರೊಡ್ರಿಗಸ್ ಅವರನ್ನು ಮರಳಿ ಸೇರಿಸಿಕೊಂಡರು. ಸೆಮಿಫೈನಲಿನಲ್ಲಿ ಅವರು ಔಟಾಗದೆ 127 ಓಟ ಮಾಡಿ ಆಸ್ಟ್ರೇಲಿಯವನ್ನು ಸೋಲಿಸಿದರು. ನವೆಂಬರ್ 2ರಂದು ಕಪ್ಪು ನಮ್ಮದಾಯಿತು. ಎಲ್ಲಿ ಕಡಿಮೆ ಬಿತ್ತೆಂದು ಹುಡುಕಿದವರಿಗೆ ಸಣ್ಣ ಸೋಲು ದಾರಿ ತೋರಿಸಬಲ್ಲದು. ತೋರಿಸಿಯೇ ತೀರುತ್ತದೆಂಬ ಭರವಸೆಯನ್ನು ಯಾರೂ ಕೊಡಲಾರರು.

ಕನ್ನಡ ಪಂಡಿತನಾದ ನಾನು ನೆರೆಯ ಮುಧೋಳದ ರನ್ನನನ್ನು ನೆನೆಯದೆ ಮುಗಿಸುವುದು ಹೇಗೆ? ಅವನು ತನ್ನ ಕಾವ್ಯಕ್ಕೆ ‘ಸಾಹಸಭೀಮವಿಜಯ’ವೆಂದು ಹೆಸರಿಟ್ಟ. ವಿಜಯ ಭೀಮನದು. ಓದಿ ಮುಗಿಸಿದವನ ಮನಸ್ಸಿನಲ್ಲಿ ನಿಲ್ಲುವವನು ಸೋತ ದುರ್ಯೋಧನ. ಕವಿ ಅವನ ಸೋಲನ್ನು ಕೊನೆಯ ಗದೆಯ ಪೆಟ್ಟಿನಿಂದ ಅಳೆಯಲಿಲ್ಲ. ಮಕ್ಕಳನ್ನು, ತಮ್ಮಂದಿರನ್ನು, ಗೆಳೆಯನನ್ನು ಕಳೆದುಕೊಂಡು ರಣರಂಗದಲ್ಲಿ ನಡೆದುಬರುವ ಆ ದೊರೆಯನ್ನು ಇಡಿಯಾಗಿ ತೋರಿಸಿದ. ಇಡಿಯಾಗಿ ನೋಡುವುದು ಕವಿಗೆ ಮಾತ್ರ ಮೀಸಲಾದ ಗುಣವಾಗಬಾರದು; ತಂದೆತಾಯಂದಿರಿಗೂ ಬೇಕು.

ನಿಮ್ಮ ಮನೆಯಲ್ಲೂ ಒಂದು ದಿನ ಮಗನೋ ಮಗಳೋ ಒಂದು ಅಂಕದಿಂದ ಸೋತು ಬರಬಹುದು. ಆಟದಲ್ಲೇ ಆಗಬೇಕೆಂದಿಲ್ಲ, ಪರೀಕ್ಷೆಯಲ್ಲಾದರೂ ಆಗಬಹುದು. ಆ ಸಂಜೆ ಕೊನೆಯ ಎಸೆತದ ಮಾತು ಬೇಡ. ಉಣ್ಣಲು ಹಾಕಿರಿ. ಎರಡು ದಿನ ಕಳೆಯಲಿ. ಆಮೇಲೆ ಪಕ್ಕದಲ್ಲಿ ಕುಳಿತು ಮೊದಲ ಗಣದಿಂದ ಪ್ರಸ್ತಾರ ಹಾಕಿಸಿರಿ.

ಟಿಕೋಟಾದ ಹುಡುಗ ಆಟ ಬಿಡಲಿಲ್ಲ. ಒಂಬತ್ತು ತಪ್ಪಿದ ಲೆಕ್ಕ ನೋಡಿದ ಮೇಲೆ ತಂಡದವರೆಲ್ಲ ದಿನಾಲು ಅಭ್ಯಾಸ ಮುಗಿಸಿ, ದಣಿದ ಕಾಲಿನಲ್ಲೇ ಇಪ್ಪತ್ತೈದು ಫ್ರೀ ಥ್ರೋ ಎಸೆದು ಮನೆಗೆ ಹೋಗುತ್ತಾರೆ. ಬರುವ ಹಂಗಾಮಿನಲ್ಲಿ ಗೆಲ್ಲುತ್ತಾರೋ ಇಲ್ಲವೋ ಹೇಳಲಾರೆ. ಮೊನ್ನೆ ವಿಜಾಪುರದ ಸಂತೆಯಲ್ಲಿ ಅವನ ತಂದೆ ಸಿಕ್ಕಿದ್ದರು. ಆ ಮಾತು ಈ ಮಾತು ಆಡಿ, ಹೊರಡುವಾಗ ಸ್ವಲ್ಪ ಸಂಕೋಚದಿಂದ, ‘ಮಾಸ್ತರ್ರ, ಆ ಬುಟ್ಟಿ ನೆಲದಿಂದ ಎಷ್ಟ ಎತ್ತರ ಇರತೈತ್ರಿ? ಶೆಡ್ಡಿನ ಕಂಬಕ್ಕ ಒಂದ ಕಬ್ಬಿಣದ ಬಳಿ ಬೆಸಸಬೇಕಂತ ಮಾಡೀನಿ’ ಎಂದು ಕೇಳಿದರು.

ಹತ್ತು ಅಡಿ ಎಂದೆ.