ಬೋಟಿನ ಹಳೆ ಕೂಲೆಂಟ್: ಇಳಿಸಿದ ಮೇಲೆ ಎಲ್ಲಿಡುವುದು?

(ಮೀನುಗಾರ ಮಹಿಳೆಯರ ಸ್ವಸಹಾಯ ಸಂಘಗಳ ಮಾಹಿತಿ ಸಭೆಯಲ್ಲಿ ನೀಡಿದ ಭಾಷಣ)



ಇವತ್ತು ಇಂಜಿನಿನ ವಿಷಯ ಅಂದಾಗ ಕೆಲವರು ನಕ್ಕಿರಿ. "ಅದು ಗಂಡಸರ ಕೆಲಸ ಸಿಸ್ಟರ್, ನಮಗೆಂತಕ್ಕೆ?" ಅಂತ ಹಿಂದಿನ ಸಾಲಿನಿಂದ ಒಂದು ಮಾತೂ ಬಂತು. ಇಂಜಿನ್ ರಿಪೇರಿಗೆ ಸಂಘದಲ್ಲಿ ಸಾಲ ಕೇಳಿದವರು ಯಾರು? ವಾರ ವಾರ ಕಂತು ಕಟ್ಟುವವರು ಯಾರು? ಹಾಗಾದರೆ ಸ್ವಲ್ಪ ಕೇಳಿ.

ಕೆಲವು ವರ್ಷಗಳ ಹಿಂದೆ ಮಳೆಗಾಲದಲ್ಲಿ ಒಂದು ಮನೆಗೆ ಭೇಟಿಗೆ ಹೋಗಿದ್ದೆ. ಮನೆಯ ನಾಲ್ಕು ವರ್ಷದ ಮಗು ನನಗೆ ಕುಡಿಯಲು ಕೊಡಬೇಕೆಂದು ಮೆಟ್ಟಿಲಿನ ಅಡಿಯಿಂದ ಒಂದು ತಂಪು ಪಾನೀಯದ ಬಾಟಲಿ ತಂದಿತು. ಒಳಗೆ ಹಸಿರು ನೀರು. "ಸಿಸ್ಟರ್, ಶರಬತ್ತು" ಅಂತ ಹೇಳಿ ಮುಚ್ಚಳ ತಿರುಗಿಸುತ್ತಾ ಇತ್ತು. ತಾಯಿ ಒಳಗಿನಿಂದ ಓಡಿ ಬಂದು ಕಿತ್ತುಕೊಂಡಳು. ಅದು ಬೋಟಿನ ಇಂಜಿನಿನಿಂದ ಇಳಿಸಿದ ಹಳೆ ಕೂಲೆಂಟ್. ಅದರ ಹಿಂದಿನ ವಾರ ಅವರ ನಾಯಿ ಸತ್ತಿತ್ತಂತೆ. ಅದರಿಂದಲೇ ಸತ್ತಿತು ಎಂದು ನಾನು ಹೇಳಲಾರೆ. ಆದರೆ ಅಂಗಳದಲ್ಲಿ ಕೂಲೆಂಟ್ ಚೆಲ್ಲಿದ್ದು ಹೌದು, ನಾಯಿ ಅದನ್ನು ನೆಕ್ಕಿದ್ದೂ ಹೌದು. ಅದು ಇಷ್ಟು ದೊಡ್ಡ ವಿಷ ಎಂದು ಆವತ್ತು ನನಗೂ ಗೊತ್ತಿರಲಿಲ್ಲ. ಎಂ.ಎಸ್.ಡಬ್ಲ್ಯೂ. ಓದುವಾಗ ಇದನ್ನೆಲ್ಲ ಯಾರು ಕಲಿಸುತ್ತಾರೆ?

ಕೂಲೆಂಟಿಗೆ ಆ್ಯಂಟಿಫ್ರೀಜ್ ಎಂಬ ಹೆಸರೂ ಉಂಟು. ಹೆಪ್ಪುಗಟ್ಟದಂತೆ ತಡೆಯುವುದು ಎಂದರ್ಥ. ಚಳಿ ದೇಶಗಳಲ್ಲಿ ಹಾಯಿದೋಣಿಗಳಲ್ಲೂ ಸಣ್ಣ ಡೀಸೆಲ್ ಇಂಜಿನ್ ಇರುತ್ತದೆ. ಚಳಿಗಾಲದಲ್ಲಿ ಒಳಗಿನ ನೀರು ಮಂಜುಗಡ್ಡೆಯಾಗಿ ಹಿಗ್ಗಿದರೆ ಇಂಜಿನಿನ ಕಬ್ಬಿಣವೇ ಬಿರಿಯುತ್ತದೆ, ಅದಕ್ಕೆ ಈ ದ್ರವ. ನಮ್ಮ ಕರಾವಳಿಯಲ್ಲಿ ನೀರು ಹೆಪ್ಪುಗಟ್ಟುವುದುಂಟಾ? ಇಲ್ಲ. ಆದರೂ ಬೇಕು. ಇದು ಬೆರೆತ ನೀರು 100 ಡಿಗ್ರಿಗೆ ಕುದಿಯುವುದಿಲ್ಲ, ಅರ್ಧಕ್ಕರ್ಧ ಬೆರೆಸಿದರೆ ಸುಮಾರು 107 ಡಿಗ್ರಿವರೆಗೆ ತಡೆಯುತ್ತದೆ. ಒಳಗೆ ತುಕ್ಕು ಹಿಡಿಯದಂತೆ ಕಾಪಾಡುವ ಮದ್ದೂ ಅದರಲ್ಲೇ ಇರುತ್ತದೆ. ಆ ಮದ್ದಿನ ಶಕ್ತಿ ಕಾಲಕ್ರಮೇಣ ಮುಗಿಯುತ್ತದೆ. ಕೆಲವು ಕೂಲೆಂಟ್ ಎರಡು ವರ್ಷ, ಕೆಲವು ಐದು ವರ್ಷ. ಇಂಜಿನಿನ ಪುಸ್ತಕದಲ್ಲಿ ಬರೆದಿರುತ್ತದೆ, ಅದೇ ಲೆಕ್ಕ. ನಾಡದೋಣಿಯ ಹಿಂದೆ ಕಟ್ಟುವ ಔಟ್‌ಬೋರ್ಡ್ ಇಂಜಿನ್ ಸಮುದ್ರದ ನೀರಿನಿಂದಲೇ ತಣ್ಣಗಾಗುತ್ತದೆ, ಅದಕ್ಕೆ ಈ ರಗಳೆ ಇಲ್ಲ. ಟ್ರಾಲ್ ಬೋಟಿನ ಇಂಜಿನಿಗೆ, ಮೀನು ಸಾಗಿಸುವ ಟೆಂಪೋಗೆ ಉಂಟು.

ಈಗ ವಿಷದ ವಿಷಯ. ಹೆಚ್ಚಿನ ಕೂಲೆಂಟಿನಲ್ಲಿರುವುದು ಎಥಿಲೀನ್ ಗ್ಲೈಕಾಲ್. ರುಚಿ ಸಿಹಿ. ಅದೇ ಅಪಾಯ, ಕಹಿಯಾಗಿದ್ದರೆ ಮಗು ಉಗುಳುತ್ತಿತ್ತು. ಹೊಟ್ಟೆಗೆ ಹೋದ ಮೇಲೆ ಮೊದಲು ಕುಡಿದವರ ಹಾಗೆ ತೂರಾಟ, ವಾಂತಿ, ಮಂಪರು. ಕೆಲವು ಸಲ ಸ್ವಲ್ಪ ಸುಧಾರಿಸಿದ ಹಾಗೂ ಕಾಣುತ್ತದೆ. ಅಷ್ಟರಲ್ಲಿ ಲಿವರ್ ಅದನ್ನು ಆಮ್ಲವಾಗಿ ಮಾಡುತ್ತದೆ, ಅದರ ಹರಳು ಮೂತ್ರಪಿಂಡದಲ್ಲಿ ಕೂರುತ್ತದೆ. ಒಂದೆರಡು ದಿವಸದಲ್ಲಿ ಮೂತ್ರ ನಿಲ್ಲುತ್ತದೆ. ದೊಡ್ಡವರಿಗೆ ನೂರು ಮಿಲಿಲೀಟರ್, ಅಂದರೆ ಅರ್ಧ ಲೋಟ, ಪ್ರಾಣ ತೆಗೆಯಬಹುದು. ಮಗುವಿಗೆ ಒಂದೆರಡು ಗುಟುಕು ಸಾಕು. 2025ರಲ್ಲಿ ಮಧ್ಯಪ್ರದೇಶದ ಛಿಂದ್ವಾಡಾದಲ್ಲಿ ಕೆಮ್ಮಿನ ಸಿರಪ್ ಕುಡಿದು ಇಪ್ಪತ್ತಕ್ಕೂ ಹೆಚ್ಚು ಮಕ್ಕಳು ಕಿಡ್ನಿ ಕೆಟ್ಟು ತೀರಿಕೊಂಡದ್ದು ನಿಮಗೆ ನೆನಪಿರಬಹುದು. ಆ ಸಿರಪ್‌ನಲ್ಲಿ ಇದ್ದದ್ದು ಇದರದೇ ಜಾತಿಯ ಡೈಎಥಿಲೀನ್ ಗ್ಲೈಕಾಲ್.

ಕುಡಿದಿರಬಹುದು ಎಂಬ ಸಂಶಯ ಬಂದರೂ ಸಾಕು, ಕೂಡಲೇ 108ಕ್ಕೆ ಫೋನ್ ಮಾಡಿ, ಬಾಟಲಿಯನ್ನೂ ಆಸ್ಪತ್ರೆಗೆ ಒಯ್ಯಿರಿ. ಉಪ್ಪುನೀರು ಕುಡಿಸಿ ವಾಂತಿ ಮಾಡಿಸಬೇಡಿ. "ಬ್ರಾಂಡಿ ಕೊಟ್ಟರೆ ಇಳಿಯುತ್ತದೆ" ಎಂದು ಹೇಳುವವರಿದ್ದಾರೆ. ಆ ಮಾತಿಗೆ ಬುಡವಿಲ್ಲ ಅಂತಲ್ಲ, ಆಸ್ಪತ್ರೆಯಲ್ಲಿ ಬೇರೆ ಮದ್ದಿಲ್ಲದಾಗ ಡಾಕ್ಟರು ಆಲ್ಕೋಹಾಲನ್ನೇ ಅಳೆದು ಕೊಡುವುದುಂಟು. ಆದರೆ ಅದು ರಕ್ತ ಪರೀಕ್ಷೆ ಮಾಡುತ್ತಾ ಕೊಡುವ ಚಿಕಿತ್ಸೆ. ಮನೆಯಲ್ಲಿ ಖಂಡಿತ ಮಾಡಬಾರದು.

ಬದಲಾಯಿಸುವುದು ಹೇಗೆ ಎಂದು ಮೆಕ್ಯಾನಿಕ್ಕಿಗೆ ಗೊತ್ತು. ನೀವು ನೋಡಬೇಕಾದ್ದು ಸ್ವಲ್ಪವೇ. ಇಂಜಿನ್ ಪೂರ್ತಿ ತಣ್ಣಗಾಗದೆ ಮುಚ್ಚಳ ತೆಗೆಯಬಾರದು, ಬಿಸಿ ನೀರು ಮುಖಕ್ಕೆ ಚಿಮ್ಮುತ್ತದೆ. ಅಡಿಯ ನಲ್ಲಿಗೆ ಪೈಪು ಹಾಕಿ ಕ್ಯಾನಿಗೇ ಇಳಿಸಬೇಕು, ಬೋಟಿನ ತಳಕ್ಕೆ ಬಿಟ್ಟರೆ ಪಂಪು ಅದನ್ನು ಸಮುದ್ರಕ್ಕೆ ತಳ್ಳುತ್ತದೆ. ಒಳಗೆ ತೊಳೆದ ಮೊದಲ ನೀರೂ ಕ್ಯಾನಿಗೇ. ಹೊಸತನ್ನು ಡಿಸ್ಟಿಲ್ಡ್ ವಾಟರಿನಲ್ಲಿ ಬೆರೆಸಬೇಕು, ಬಾವಿ ನೀರಿನಲ್ಲಿ ಅಲ್ಲ. ಹಸಿರು, ಕೆಂಪು ಬಣ್ಣ ನೋಡಿ ಒಂದರ ಮೇಲೊಂದು ಸುರಿಯಬಾರದು, ಬಣ್ಣ ಒಂದೇ ಆದರೂ ಜಾತಿ ಬೇರೆ ಇರಬಹುದು.

ಇಳಿಸಿದ್ದನ್ನು ಏನು ಮಾಡುವುದು? ಸಾಧಾರಣವಾಗಿ ದಕ್ಕೆಯಲ್ಲಿ ನೀರಿಗೆ, ಇಲ್ಲವೇ ತೆಂಗಿನ ಬುಡಕ್ಕೆ. ಗ್ಲೈಕಾಲ್ ನೀರಿನಲ್ಲಿ ಕೆಲವು ದಿವಸ, ವಾರಗಳಲ್ಲಿ ಕೊಳೆತು ಹೋಗುತ್ತದೆ ನಿಜ. ಆದರೆ ಕೊಳೆಯುವಾಗ ನೀರಿನ ಆಮ್ಲಜನಕ ಎಳೆದುಕೊಳ್ಳುತ್ತದೆ, ನೀರು ಹರಿಯದ ಬಂದರಿನ ಮೂಲೆಯಲ್ಲಿ ಮೀನಿನ ಮರಿಗೆ ಉಸಿರಿಲ್ಲ. ಹಳೆ ಕೂಲೆಂಟಿನಲ್ಲಿ ಇಂಜಿನಿನಿಂದ ಬಿಟ್ಟ ತಾಮ್ರ, ಸೀಸವೂ ಇರಬಹುದು, ಅದು ಕೊಳೆಯುವುದಿಲ್ಲ. ನಮ್ಮದು ಮರಳು ಭೂಮಿ, ತೆಂಗಿನ ಬುಡಕ್ಕೆ ಸುರಿದದ್ದು ಬಾವಿಗೆ ಇಳಿಯಲು ಎಷ್ಟು ಹೊತ್ತು? ಸುಟ್ಟ ಆಯಿಲಿನ ಡ್ರಮ್ಮಿಗೂ ಹಾಕಬೇಡಿ, ಆಯಿಲ್ ಕೊಳ್ಳುವವರು ಮತ್ತೆ ಅದನ್ನು ಮುಟ್ಟುವುದಿಲ್ಲ.

ಗಟ್ಟಿ ಮುಚ್ಚಳದ ಕ್ಯಾನಿನಲ್ಲಿ, ಮೇಲೆ "ವಿಷ – ಹಳೆ ಕೂಲೆಂಟ್" ಎಂದು ಬರೆದು, ಬೀಗ ಹಾಕುವ ಜಾಗದಲ್ಲಿ ಇಡಿ. ನೀರಿನ, ಜ್ಯೂಸಿನ ಬಾಟಲಿ ಬೇಡವೇ ಬೇಡ. ಕೂಲೆಂಟ್ ಖಾಲಿಯಾದ ಕ್ಯಾನ್ ಚಂದ ಉಂಟು ಅಂತ ತೊಳೆದು ಕುಡಿಯುವ ನೀರು ತುಂಬಿಸುವವರನ್ನೂ ನೋಡಿದ್ದೇನೆ, ಅದಕ್ಕೆ ತೂತು ಮಾಡಿಬಿಡಿ. ಹಳೆಯದನ್ನು ತೆಗೆದುಕೊಳ್ಳುವ ದೊಡ್ಡ ಗ್ಯಾರೇಜ್ ಉಂಟಾ ಎಂದು ಮೊದಲು ವಿಚಾರಿಸಿ. ಇಲ್ಲದಿದ್ದರೆ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಾದೇಶಿಕ ಕಚೇರಿಗೆ ಸಂಘದ ಲೆಟರ್‌ಹೆಡ್ಡಿನಲ್ಲಿ ಪತ್ರ ಬರೆದು, ಅಪಾಯಕಾರಿ ತ್ಯಾಜ್ಯ ಒಯ್ಯುವ ಪರವಾನಗಿ ಯಾರಿಗೆ ಉಂಟು ಎಂದು ಕೇಳಿ. ಒಬ್ಬಳ ಒಂದು ಕ್ಯಾನಿಗೆ ಯಾರೂ ಬರುವುದಿಲ್ಲ, ಹತ್ತು ಸಂಘದ್ದು ಒಟ್ಟು ಮಾಡಿದರೆ ಮಾತಾಡಬಹುದು.

ಜೂನ್ 1ರಿಂದ ಜುಲೈ 31ರವರೆಗೆ ಮೀನುಗಾರಿಕೆಗೆ ನಿಷೇಧ, ಬೋಟುಗಳೆಲ್ಲ ದಡದಲ್ಲಿರುತ್ತವೆ, ಇಂಜಿನ್ ಕೆಲಸ ನಡೆಯುವುದು ಆಗಲೇ. ಕ್ಯಾನ್ ಯಾರ ಶೆಡ್ಡಿನಲ್ಲಿ, ಬೀಗದ ಕೈ ಯಾರ ಹತ್ತಿರ ಎಂಬುದನ್ನು ಮೇ ತಿಂಗಳ ಸಭೆಯಲ್ಲೇ ತೀರ್ಮಾನಿಸಿ ನಿರ್ಣಯ ಪುಸ್ತಕದಲ್ಲಿ ಬರೆಯಿರಿ. ಮನೆಗೆ ಹೋದ ಕೂಡಲೇ ಮೆಟ್ಟಿಲಿನ ಅಡಿ ಒಮ್ಮೆ ನೋಡಿ.