ಕೊಕ್ಕೆಸೂಜಿಯ ಚೆಂಡು ಮತ್ತು ಕೈಕೆಲಸದ ಬೆಲೆ



ಬಲೆ ಹೆಣೆದು, ಮಡಲು ಹೆಣೆದು ಬದುಕಿದ ಊರು ನಮ್ಮ ಹಂಗಾರಕಟ್ಟೆ. ಕ್ರೋಶೆಯೂ ಹಾಗೇ, ಲೆಕ್ಕದ ಕೆಲಸ. ಕೀಲಿಗೊಂಚಲಿಗೆ ಸಣ್ಣ ಕ್ರಿಕೆಟ್ ಚೆಂಡು ಮಾಡಬೇಕಾದರೆ ಕೆಂಪು ಹತ್ತಿನೂಲಿನಲ್ಲಿ ಮೊದಲು 6 ಕಣ್ಣು. ಆಮೇಲಿನ ಸುತ್ತುಗಳಲ್ಲಿ 12, 18, 24. ಹೆಚ್ಚಿಸದೆ 4 ಸುತ್ತು ಹಾಕಿ, ಪುನಃ 18, 12ಕ್ಕೆ ಇಳಿಸಿ, ಹತ್ತಿ ತುಂಬಿ, 6ಕ್ಕೆ ತಂದು ಬಾಯಿ ಮುಚ್ಚಬೇಕು. ಬಿಳಿ ನೂಲಿನ ಹೊಲಿಗೆ, ಒಂದು ಬಳೆ, ಮುಗೀತು. 2025ರಲ್ಲಿ ನಮ್ಮ ಹೆಣ್ಮಕ್ಕಳು ವಿಶ್ವಕಪ್ ಗೆದ್ದ ಆಟದ ಚೆಂಡು ಇದು.

ಆದರೆ ಬೆಲೆ? ನೂಲಿನ ದುಡ್ಡು ಮಾತ್ರ ಹಿಡಿದು, ಕೂತ ಹೊತ್ತನ್ನು ‘ಬಿಡುವಿನ ಕೆಲಸ’ ಎಂದು ಬಿಟ್ಟರೆ ಆಗಲಿಕ್ಕಿಲ್ಲ. ಆಂಧ್ರದ ನರಸಾಪುರದಲ್ಲಿ ಹಾಗೇ ಆಯ್ತು. ಅಲ್ಲಿನ ಕ್ರೋಶೆ ಲೇಸು ಪರದೇಶಕ್ಕೆ ಹೋದರೂ ಹೆಣೆದವರಿಗೆ ಸಿಕ್ಕಿದ್ದು ಪುಡಿಗಾಸು ಎಂದು ಮರಿಯಾ ಮೀಸ್ 1982ರಲ್ಲೇ ಬರೆದರು. 2024ರಲ್ಲಿ ಆ ಲೇಸಿಗೆ ಜಿ.ಐ. ಮಾನ್ಯತೆಯೂ ಬಂತು. ಹೆಸರು ಬಂದ ಮಾತ್ರಕ್ಕೆ ಕೂಲಿ ತಾನಾಗಿ ಬರುವುದಿಲ್ಲ.

ಹಾಲಿಗೆ, ಭತ್ತಕ್ಕೆ ಲೆಕ್ಕ ಇಡುವ ನಾವು ಹೆಂಗಸರ ಗಂಟೆಗೂ ಲೆಕ್ಕ ಇಡುವ. ನೂಲು ಒಟ್ಟಿಗೆ ತರಿಸುವ, ಒಟ್ಟಿಗೆ ಮಾರುವ. ಸಹಕಾರ ಅಂದರೆ ಅದೇ ಅಲ್ಲವೇ?